ದಮ್ಮು ಬರ್ತದೆ, ಎಲುಬಿಗೆ ಟೈಮ್ ಬೇಕು

ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೆ ಅರ್ಜಿ ಕರೀತಾರಂತೆ ಅನ್ನೋ ಗಾಳಿಸುದ್ದಿ ಎದ್ದರೆ ಸಾಕು, ಗಂಗಾವತಿಯಿಂದ ಆನೆಗೊಂದಿಗೆ ಹೋಗೋ ರಸ್ತೆ ಬೆಳಗಿನ ಐದಕ್ಕೇ ತುಂಬಿಬಿಡ್ತದೆ. ನಿನ್ನೆವರೆಗೂ ಲೈಬ್ರರಿಯಲ್ಲಿ ಕೂತು ಜಿಕೆ ಉರು ಹೊಡೀತಿದ್ದ ಹುಡುಗರು ಒಮ್ಮೆಲೇ ದಿನಾ ಐದು ಕಿಲೋಮೀಟರ್ ಓಡ್ತಾರೆ. ಕೆಳಗೆ ಡಾಂಬರು, ಕಾಲಲ್ಲಿ ತಳ ಸವೆದ ಕ್ಯಾನ್ವಾಸ್ ಶೂ. ಮೂರ್ನಾಲ್ಕು ವಾರಕ್ಕೆ ಕೆಲವರು ಕುಂಟ್ತಾ ನಮ್ಮ ಶಾಲೆ ಮೈದಾನಕ್ಕೆ ಬರ್ತಾರೆ, ‘ಸರ್, ಸ್ವಲ್ಪ ಕಾಲು ನೋಡ್ರಿ’ ಅಂತ. ನಾನು ಪಿ.ಇ. ಮಾಸ್ತರ, ಡಾಕ್ಟರ್ ಅಲ್ಲ. ಆದರೂ ಇಷ್ಟು ಕಾಲು ನೋಡಿದ ಮೇಲೆ ಹೇಳ್ತೀನಿ, ಈ ಹುಡುಗರನ್ನ ಕೆಡಿಸ್ತಿರೋದು ಅವಸರ.

ಲೆಕ್ಕ ಹಾಕಿ ನೋಡಿ. ಕಾನ್ಸ್‌ಟೇಬಲ್ ಫಿಸಿಕಲ್ ಟೆಸ್ಟ್‌ನಲ್ಲಿ ಗಂಡುಮಕ್ಕಳಿಗೆ 1600 ಮೀಟರ್, 6 ನಿಮಿಷ 30 ಸೆಕೆಂಡ್. 400 ಮೀಟರ್ ಟ್ರ್ಯಾಕ್ ಆದರೆ ನಾಲ್ಕು ಸುತ್ತು, ಸುತ್ತಿಗೆ ಸುಮಾರು 97 ಸೆಕೆಂಡ್. ಆರೋಗ್ಯವಾಗಿರೋ ಹುಡುಗ ನಾಲ್ಕು ತಿಂಗಳು ಸಮಾಧಾನದಿಂದ ತಯಾರಾದರೆ ಇದೇನು ಬೆಟ್ಟ ಕಿತ್ತಿಡೋ ಕೆಲಸವಲ್ಲ. ಆದರೆ ಓಡೋಕೆ ಶುರು ಮಾಡಿದ ಕೆಲವೇ ವಾರಕ್ಕೆ ದಮ್ಮು ಬಂದುಬಿಡ್ತದೆ. ಏದುಸಿರು ನಿಂತಿತಲ್ಲ, ಇನ್ನೆರಡು ಕಿಲೋಮೀಟರ್ ಜಾಸ್ತಿ ಮಾಡೋಣ ಅನ್ಸುತ್ತೆ. ಎಲುಬಿನ ವ್ಯವಹಾರ ಬೇರೆ. ಓಟದ ಪೆಟ್ಟಿಗೆ ಅದು ಒಳಗೊಳಗೇ ಕಣಕಣವಾಗಿ ಸವೆದು, ಆಮೇಲೆ ಗಟ್ಟಿಯಾಗಿ ಕಟ್ಟಿಕೊಳ್ತದೆ. ಅದಕ್ಕೆ ತಿಂಗಳುಗಟ್ಟಲೆ ಬೇಕು, ನಡುನಡುವೆ ಬಿಡುವೂ ಬೇಕು. ದಿನಾ ಓಡಿದರೆ ಸವೆಯೋದೇ ಹೆಚ್ಚಾಗಿ ಕೊನೆಗೆ ಕೂದಲೆಳೆಯಷ್ಟು ಬಿರುಕು ಬಿಡ್ತದೆ.

ಮೈದಾನಕ್ಕೆ ಬಂದ ಹುಡುಗನಿಗೆ ನಾನು ಮೊದಲು ಹೇಳೋದು, ‘ನೋವು ಎಲ್ಲೈತಿ ತೋರ್ಸು.’ ಒಬ್ಬ ಮೊಣಕಾಲ ಕೆಳಗಿನ ಎಲುಬಿನ ಒಳಬದಿ ಉದ್ದಕ್ಕೂ ಅಂಗೈ ಸವರ್ತಾನೆ, ‘ಇಷ್ಟುದ್ದ ಐತ್ರಿ.’ ಇನ್ನೊಬ್ಬ ಒಂದೇ ಬೆರಳು ಒಂದೇ ಜಾಗಕ್ಕೆ ಊರ್ತಾನೆ, ‘ಇಲ್ಲೇರಿ.’ ಮೊದಲನೆಯವನದು ಬಹುತೇಕ ಶಿನ್ ಸ್ಪ್ಲಿಂಟ್, ಅಂದರೆ ಓಟ ಜಾಸ್ತಿಯಾಗಿ ಆ ಎಲುಬಿನ ಉದ್ದಕ್ಕೂ ಬರೋ ನೋವು. ಓಟ ಕಡಿಮೆ ಮಾಡಿ, ಸೈಕಲ್ ತುಳಿದು, ಮೀನಖಂಡ ಗಟ್ಟಿ ಮಾಡಿಕೊಂಡರೆ ಕೆಲವು ವಾರಕ್ಕೆ ದಾರಿಗೆ ಬರ್ತಾನೆ. ಒಂದೇ ಬೆರಳಿಟ್ಟವನ ಬಗ್ಗೆ ನನಗೆ ಭಯ. ಆ ಕಾಲಲ್ಲಿ ಕುಪ್ಪಳಿಸಿದರೆ ಜೀವ ಹೋಗೋಷ್ಟು ನೋವು, ರಾತ್ರಿ ಮಲಗಿದಾಗಲೂ ಸೆಳೆತ ಅಂದರೆ ಅವನ ಓಟ ಅವತ್ತೇ ಬಂದ್, ಸೀದಾ ಮೂಳೆ ಡಾಕ್ಟರ ಹತ್ತಿರ. ಇಲ್ಲೊಂದು ಮೋಸ ಇದೆ: ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ‘ಎಕ್ಸ್‌ರೇ ನಾರ್ಮಲ್ ಐತ್ರಿ’ ಅಂತ ಮತ್ತೆ ಓಡೋಕೆ ಹೋಗೋರು ಇದನ್ನ ನೆನಪಿಡಬೇಕು. ಹೆಣ್ಣುಮಕ್ಕಳಿಗೂ ಒಂದು ಮಾತು: ತೂಕ ಇಳಿಸ್ತೀನಿ ಅಂತ ಊಟ ಬಿಟ್ಟು ಓಡಿ ಮುಟ್ಟು ತಪ್ಪತೊಡಗಿದರೆ ಎಲುಬು ಬಿರಿಯೋ ಅಪಾಯ ಹೆಚ್ಚು. ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ.

ಪಾದ ಹೊರಳಿದರೆ ನಮ್ಮ ಕಡೆ ಮೊದಲು ಹುಡುಕೋದು ಕಾಲು ಮುಂದಾಗಿ ಹುಟ್ಟಿದವರನ್ನ. ಅವರು ಒದ್ದರೆ ಉಳುಕು ಹೋಗ್ತದಂತೆ! ಅದು ಬಿಟ್ಟರೆ ಬಿಸಿ ಎಣ್ಣೆ ಹಚ್ಚಿ ಗಸಗಸ ತಿಕ್ಕೋದು. ನಂಬಿಕೆ ನಿಮ್ಮದು, ಆದರೆ ಮೊದಲ ಎರಡು ಮೂರು ದಿನ ತಿಕ್ಕೋದು, ಕಾವು ಕೊಡೋದು ಬಿಡಿ. ಒಳಗೆ ಹರಿದ ಜಾಗದಲ್ಲಿ ಬಾವು ಇನ್ನೂ ಏರ್ತದೆ. ನೋವಿಗೆ ಐಸನ್ನ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಹದವಾಗಿ ಸುತ್ತಿ, ಕಾಲನ್ನ ದಿಂಬಿನ ಮೇಲೆ ಎತ್ತರಕ್ಕಿಡಿ. ನಾಲ್ಕು ಹೆಜ್ಜೆ ಊರೋಕೂ ಆಗ್ತಿಲ್ಲ, ಅಥವಾ ಹಿಮ್ಮಡಗಂಟಿನ ಎಲುಬನ್ನೇ ಒತ್ತಿದರೆ ನೋವು ಅಂದರೆ ಎಕ್ಸ್‌ರೇ ಆಗಲೇಬೇಕು. ಬಿಗಿಯಾಗಿ ಕಟ್ಟು ಹಾಕಿಸಿಕೊಂಡು ಬೆರಳು ಜೋಮು ಹಿಡಿದು ನೀಲಿಯಾದರೂ ಹಲ್ಲುಕಚ್ಚಿ ಕೂತವರನ್ನ ನೋಡಿದ್ದೀನಿ. ಹಾಗಾದರೆ ತಕ್ಷಣ ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಹೋಗಿ.

ಹಾಗಂತ ತಿಂಗಳುಗಟ್ಟಲೆ ಹಾಸಿಗೆ ಹಿಡಿಯೋದೂ ಬೇಡ. ಎಲುಬಿಗೇನೂ ಆಗಿಲ್ಲ ಅಂದರೆ ನೋವು ತಾಳೋ ಮಟ್ಟಿಗೆ ಬೇಗನೆ ಪಾದ ಆಡಿಸೋಕೆ ಶುರು ಮಾಡಿ. ಆಮೇಲೆ ದಿನಾ ಹಲ್ಲುಜ್ಜೋವಾಗ ಒಂಟಿಗಾಲಲ್ಲಿ ನಿಂತ್ಕೊಳ್ಳಿ, ರೂಢಿಯಾದ ಮೇಲೆ ಕಣ್ಣು ಮುಚ್ಚಿ. ಒಮ್ಮೆ ಹೊರಳಿದ ಪಾದ ಮತ್ತೆ ಮತ್ತೆ ಹೊರಳೋದು ಈ ಹಿಡಿತ ವಾಪಸ್ ಬಾರದೇ ಇದ್ದಾಗ. ಕಬಡ್ಡಿ ಹುಡುಗರಿಗೆ ಇಷ್ಟೇ: ಮೊಣಕಾಲಲ್ಲಿ ‘ಟಪ್’ ಅಂದು ಒಂದೆರಡು ತಾಸಲ್ಲಿ ಊದಿದರೆ ಜಾತ್ರೆ ಪಂದ್ಯದ ಫೈನಲ್ ಮರೆತುಬಿಡಿ. ಎಲುಬಿಗೆ ಎಲುಬನ್ನ ಹಿಡಿದಿಡೋ ಲಿಗಮೆಂಟ್ ಹರಿದಿರೋ ಸಾಧ್ಯತೆ ಇದೆ.

ನನಗೆ ಸಿಟ್ಟು ಬರೋದು ಫಿಸಿಕಲ್ ಟೆಸ್ಟ್ ದಿನ ಬೆಳಗ್ಗೆ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಹೋಗೋದಕ್ಕೆ. ಇಂಜೆಕ್ಷನ್ ನೋವನ್ನ ಮುಚ್ಚಿಡ್ತದೆ, ಬಿರುಕನ್ನ ಮುಚ್ಚೋದಿಲ್ಲ. ನಮ್ಮ ಬಿಸಿಲಲ್ಲಿ ನೀರು ಕುಡಿಯದೆ ಓಡೋ ಮೈಗೆ ಅಂಥ ಔಷಧಿ ಕಿಡ್ನಿಗೂ ಭಾರ. ಗಾಯಕ್ಕೆ ಟೈಮ್ ಕೊಟ್ಟವರೂ ಇದ್ದಾರೆ. ಹೊಳೆ ದಾಟಿ, ಹೊಸಪೇಟೆ ಹಾದರೆ ತೋರಣಗಲ್ಲು. ಅಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲೇ ಜಾವೆಲಿನ್ ಎಸೆಯೋ ನೀರಜ್ ಚೋಪ್ರಾ 2019ರ ಮೊಣಕೈ ಆಪರೇಷನ್ ಆದಮೇಲೆ ಚೇತರಿಸಿಕೊಂಡದ್ದು. ಆ ವರ್ಷ ದೋಹಾದ ವಿಶ್ವ ಚಾಂಪಿಯನ್‌ಶಿಪ್ಪನ್ನೇ ಬಿಟ್ಟರು. 2020ರ ಜನವರಿಯಲ್ಲಿ 87.86 ಮೀಟರ್ ಎಸೆದು ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಗಿಟ್ಟಿಸಿದರು. ಮುಂದಿನದು ನಿಮಗೆ ಗೊತ್ತಿದೆ. ಅವರ ಹಿಂದೆ ಫಿಸಿಯೊ, ಡಾಕ್ಟರು, ದುಡ್ಡು ಎಲ್ಲ ಇತ್ತು, ನಮ್ಮ ಹುಡುಗನಿಗೆ ವಯೋಮಿತಿ ಮುಗಿಯೋ ಭಯ ಇದೆ, ಒಪ್ತೀನಿ. ಅದಕ್ಕೇ ನಮ್ಮ ಶಾಸಕರಿಗೆ, ಕ್ರೀಡಾ ಇಲಾಖೆಗೆ ನನ್ನ ಬೇಡಿಕೆ: ನೇಮಕಾತಿ ನಡೆಯೋ ತಿಂಗಳುಗಳಲ್ಲಾದರೂ ವಾರಕ್ಕೆರಡು ಬೆಳಗ್ಗೆ ತಾಲೂಕು ಕ್ರೀಡಾಂಗಣಕ್ಕೆ ಒಬ್ಬ ಫಿಸಿಯೊಥೆರಪಿಸ್ಟ್ ಕಳಿಸಿ. ಹೊಸ ಗ್ಯಾಲರಿ ಕಟ್ಟೋದಕ್ಕಿಂತ ಅಗ್ಗ.

ಅಲ್ಲಿವರೆಗೆ ಡಾಂಬರು ಬಿಟ್ಟು ಎಡದಂಡೆ ಕಾಲುವೆ ಪಕ್ಕದ ಮಣ್ಣುದಾರಿಗೆ ಬನ್ನಿ, ದಿನ ಬಿಟ್ಟು ದಿನ ಓಡಿ. ಸ್ಟ್ಯಾಮಿನಾಕ್ಕೆ ಅಂತ ಆನೆಗೊಂದಿ ಹತ್ತಿರದ ಹನುಮಪ್ಪನ ಬೆಟ್ಟ ಅಂಜನಾದ್ರಿಯ 575 ಮೆಟ್ಟಿಲು ಓಡೋರು ಹತ್ತೋವಾಗ ಬೇಕಾದರೆ ಓಡಿ, ಇಳಿಯೋವಾಗ ನಡೀರಿ. ಮೊಣಚಿಪ್ಪಿಗೆ ಏಟು ಬೀಳೋದು ಇಳಿಜಾರಲ್ಲೇ. ಶನಿವಾರ ಮಾತ್ರ ಆ ಕಡೆ ಹೋಗಬೇಡಿ ಮಾರಾಯರೇ, ಭಕ್ತರ ಕಾಲೂ ಉಳಿಯಲಿ.