ನಿನ್ನೆ ತಾನೇ ಅಪ್‌ಡೇಟ್ ಆದ ಹಳೇ ಬಸ್ಸು

ಇಂಟರ್‌ನೆಟ್ಟಿನಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಯಾವ ಪುಟ ತೆರೆದರೂ ನೆತ್ತಿಯ ಮೇಲೆ 'ನಿನ್ನೆ ಅಪ್‌ಡೇಟ್ ಆಗಿದೆ' ಎಂಬ ನಾಮ. ಒಳಗಿನ ಮಾಲು ಯಾವ ಕಾಲದ್ದೋ, ದೇವರೇ ಬಲ್ಲ.

ಮೊನ್ನೆ ಅಮ್ಮ ಚಿಕ್ಕಮ್ಮನ ಊರಿಗೆ ಹೊರಟಿದ್ದರು. "ಬೆಳಗಿನ ಬಸ್ಸು ಎಷ್ಟೊತ್ತಿಗೆ ನೋಡೋ" ಅಂದರು. ಸರ್ಚ್ ಮಾಡಿದೆ. ಮೊದಲಿಗೇ ಬಂತು, 'ಹೊಸ ವೇಳಾಪಟ್ಟಿ, ಸಂಪೂರ್ಣ ಮಾಹಿತಿ'. ಆರೂಕಾಲಿಗೆ ಕೆಂಪು ಬಸ್ಸು, ಮಹಿಳೆಯರಿಗೂ ಪೂರ್ತಿ ಟಿಕೆಟ್ ಎಂದು ಓದಿ ಹೇಳಿದೆ.

"ಟಿಕೆಟ್ಟಾ? ನಮಗೆ ಫ್ರೀ ಅಲ್ವೇನೋ?"

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್‌ನಲ್ಲಿ. ನಿನ್ನೆ ಅಪ್‌ಡೇಟ್ ಆದ ಪುಟಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕೆಳಗೆ ಪ್ರಯಾಣಿಕರಿಗೊಂದು ಬುದ್ಧಿಮಾತು ಬೇರೆ: 'ಸಾವಿರದ ನೋಟಿಗೆ ಕಂಡಕ್ಟರ್ ಬಳಿ ಚಿಲ್ಲರೆ ಇರುವುದಿಲ್ಲ, ಸಹಕರಿಸಿ.' ಸಹಕರಿಸೋಣ, ಅದಕ್ಕೇನಂತೆ. ಆ ನೋಟು ರದ್ದಾದದ್ದು 2016ರ ನವೆಂಬರ್‌ನಲ್ಲಿ. ಎರಡನೇ ಪುಟ ತೆರೆದೆ, ಮೂರನೇದೂ ತೆರೆದೆ. ಅಲ್ಲೂ ಅದೇ ಸಾವಿರದ ನೋಟು, ಅದೇ 'ಬಸ್ ನಿಲ್ಧಾಣ', ದಕಾರಕ್ಕೆ ಅದೇ ಹೊಕ್ಕಳು ಸೀಳಿದ ಗೆರೆ. ಕಾಪಿ ಹೊಡೆಯುವವರಿಗೆ ತಪ್ಪು ತಿದ್ದುವಷ್ಟೂ ಪುರುಸೊತ್ತಿಲ್ಲ.

ಅಷ್ಟರಲ್ಲಿ ಅಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಗೆ ಫೋನ್ ಹಚ್ಚಿದ್ದರು. "ಆ ಬಸ್ಸು ನಿಂತು ಯಾವ ಕಾಲ ಆಯ್ತಕ್ಕಾ! ಈಗ ಏಳೂವರೆಗೆ ಬತ್ತದೆ, ಅದೂ ಡ್ರೈವರ್ ಕಾಫಿ ಕುಡಿದ ಮೇಲೆ." ಈ ಕಾಫಿಯ ವಿವರ ಯಾವ ಸರ್ಚಿನಲ್ಲೂ ಸಿಗುವಂಥದ್ದಲ್ಲ.

ಹಳಸಿದ ಪುಟಗಳೇ ಸರ್ಚಿನಲ್ಲಿ ಮೇಲೆ ಬಂದು ಕೂರುವ ಈ ರೋಗದ ಮೂಲ ಒಂದು ಒಳ್ಳೆಯ ಯೋಚನೆ. 1996ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳು ಒಂದು ಲೆಕ್ಕ ಹೂಡಿದರು. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಓಟು ಹಾಕಿದಂತೆ. ತೂಕವಿದ್ದವರ ಓಟಿಗೆ ಬೆಲೆ ಹೆಚ್ಚು. ಓಟು ಹೆಚ್ಚು ಬಿದ್ದ ಪುಟ ಸರ್ಚಿನಲ್ಲಿ ಮೇಲೆ. ಗೂಗಲ್ ಹುಟ್ಟಿದ್ದು ಹೀಗೆ. ಓಟು ಅಂದಮೇಲೆ ಮುಂದಿನ ಕಥೆಯನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಲಿಂಕುಗಳನ್ನು ದುಡ್ಡಿಗೆ ಮಾರುವವರು ಬಂದರು. ಒಬ್ಬರಿಗೊಬ್ಬರು ಓಟು ಹಾಕಿಕೊಳ್ಳಲೆಂದೇ ಸಾಲುಸಾಲು ಸೈಟು ಕಟ್ಟುವವರು ಬಂದರು. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಸರ್ಚ್ ಪದಗಳನ್ನು ತುಂಬುವ ಚಾಳಿಯಂತೂ ಮೊದಲಿನಿಂದಲೂ ಇತ್ತು. ಓದುಗನಿಗೆ ಕಾಣದು, ಯಂತ್ರಕ್ಕೆ ಮಾತ್ರ ಹಬ್ಬ. 2003ರಲ್ಲಿ ತುಂಟರೆಲ್ಲ ಸೇರಿ ಹೀಗೇ ಲಿಂಕು ಕೊಟ್ಟೂ ಕೊಟ್ಟೂ, ಇಂಗ್ಲಿಷಿನಲ್ಲಿ 'ಹೀನಾಯ ಸೋಲು' ಎಂದು ಹುಡುಕಿದರೆ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಚಯವೇ ಮೊದಲು ಬರುವಂತೆ ಮಾಡಿಟ್ಟಿದ್ದರು. ಈ ಒಂದು ಕಿತಾಪತಿಯನ್ನು ಮಾತ್ರ ನಾನು ಮನ್ನಿಸಿದ್ದೇನೆ.

ಗೂಗಲ್ ಸುಮ್ಮನೆ ಕೂರಲಿಲ್ಲ. ತನ್ನ ಲೆಕ್ಕವನ್ನು ತಿದ್ದಿ, ಆ ತಿದ್ದುಪಡಿಗಳಿಗೆ ಪ್ರಾಣಿಗಳ ಹೆಸರಿಟ್ಟು, ಪೊಳ್ಳು ಬರಹದ ಮೇಲೆ 2011ರಲ್ಲಿ ಪಾಂಡಾ ಬಿಟ್ಟಿತು, ಲಿಂಕು ವ್ಯಾಪಾರದ ಮೇಲೆ 2012ರಲ್ಲಿ ಪೆಂಗ್ವಿನ್ ಬಿಟ್ಟಿತು. ಇಷ್ಟು ಸಾಧುಪ್ರಾಣಿಗಳಿಗೆ ಯಾರು ಹೆದರುತ್ತಾರೆ?

ಹೆದರಿದ್ದರೆ ಚಿತ್ರಾನ್ನಕ್ಕೆ ಈ ಗತಿ ಬರುತ್ತಿತ್ತೇ? ಒಗ್ಗರಣೆಗೆ ಎಣ್ಣೆ ಕಾಯುತ್ತಿರುವಾಗ ಕಡಲೆಬೇಳೆ ಮೊದಲೋ ಕಡಲೆಕಾಯಿ ಮೊದಲೋ ಎಂದು ನೋಡಹೋದೆ. 'ಚಿತ್ರಾನ್ನ ಮಾಡುವುದು ಹೇಗೆ ಎಂದು ಹುಡುಕುತ್ತಿರುವ ಚಿತ್ರಾನ್ನಪ್ರಿಯರಿಗಾಗಿ ಸುಲಭ ಚಿತ್ರಾನ್ನದ ಈ ಚಿತ್ರಾನ್ನ ಲೇಖನ' ಎಂದು ಶುರುವಾಯಿತು. ಆಮೇಲೆ ಚಿತ್ರಾನ್ನದ ಇತಿಹಾಸ, ಲೇಖಕಿಯ ಅಜ್ಜಿಯ ಬಾಲ್ಯ, ನಡುವೆ ಸಾಲದ ಜಾಹೀರಾತು. ಕೊನೆಗೆ ಪ್ರಶ್ನೋತ್ತರ: 'ಚಿತ್ರಾನ್ನಕ್ಕೆ ಅನ್ನ ಬೇಕೇ?' 'ಹೌದು, ಬೇಕು.' ಎಣ್ಣೆ ಅಷ್ಟರಲ್ಲಿ ಹೊಗೆಯಾಡುತ್ತಿತ್ತು. ಕಡಲೆಬೇಳೆಯ ಪ್ರಸ್ತಾಪವೇ ಇರಲಿಲ್ಲ.

ಇದೂ ಹೋಗಲಿ. ವಾಯಿದೆ ಮುಗಿದ ಹಳೇ ವೆಬ್ ವಿಳಾಸಗಳನ್ನು ಕೊಂಡು, ಅವು ಗಳಿಸಿಟ್ಟ ಒಳ್ಳೆಯ ಹೆಸರಿನ ಮೇಲೆ ಅಂಗಡಿ ಇಡುವ ದಂಧೆಯೊಂದಿದೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನೂ ಅಧಿಕೃತವಾಗಿ ಸ್ಪ್ಯಾಮ್ ಎಂದು ಸಾರಿತು. ಸಾರಿದ್ದು ನಮ್ಮ ಹೈಸ್ಕೂಲಿನ ಹಳೇ ವಿಳಾಸ ಕೊಂಡವರ ಕಿವಿಗೆ ಬಿದ್ದಿಲ್ಲ. ಗ್ರೂಪ್ ಫೋಟೋ ಸಿಗಬಹುದೆಂದು ಒತ್ತಿದರೆ ನಾಣ್ಯಗಳು ಉದುರತೊಡಗಿದವು. ಮೇಲೆ ಶಾಲೆಯ ಹೆಸರು, ಕೆಳಗೆ 'ರಮ್ಮಿ ಆಡಿ, ಸ್ವಾಗತ ಬೋನಸ್ ಪಡೆಯಿರಿ'. ಬ್ಯಾಗಿನಲ್ಲಿ ಇಸ್ಪೀಟೆಲೆ ಸಿಕ್ಕಿತೆಂದು ಅದೇ ಶಾಲೆಯಿಂದ ಟಿಸಿ ಕೊಡಿಸಿಕೊಂಡ ಗೆಳೆಯನಿಗೆ ಲಿಂಕ್ ಕಳಿಸಿದೆ. ಅವನೀಗ ಹಳೇ ವಿದ್ಯಾರ್ಥಿಗಳ ಸಂಘದ ಸದಸ್ಯತ್ವ ಕೇಳುತ್ತಿದ್ದಾನೆ.