ಯಾವ ಡಯಾಲಿಸಿಸ್ ಎಂದು ಕೇಳುವ ಮೊದಲು ಮೂತ್ರ ಅಳೆಯಿರಿ

ಕಿಡ್ನಿ ಕೈಕೊಟ್ಟ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ಮಷೀನ್ ಡಯಾಲಿಸಿಸ್ಸೋ, ಹೊಟ್ಟೆಗೆ ನೀರು ಬಿಡುವ ಸಿಎಪಿಡಿಯೋ? ಯಾವುದರಲ್ಲಿ ಹೆಚ್ಚು ವರ್ಷ ಬದುಕುತ್ತಾರೆ?

ಚೀಟಿ ಎತ್ತಿ ಎರಡು ಗುಂಪು ಮಾಡಿ ನೋಡೋಣವೆಂದು ನೆದರ್‌ಲ್ಯಾಂಡ್ಸ್‌ನಲ್ಲಿ ಹೊರಟಾಗ 773 ರೋಗಿಗಳಲ್ಲಿ ಒಪ್ಪಿದವರು 38 ಮಂದಿ. ಹಾಗಾಗಿ ನಮ್ಮ ಕೈಲಿರುವುದು ಹೆಚ್ಚಾಗಿ ದಾಖಲೆಗಳ ಲೆಕ್ಕ. ಅದರ ಪ್ರಕಾರ ಮೊದಲ ಒಂದೆರಡು ವರ್ಷ ಸಿಎಪಿಡಿಗೆ ತುಸು ಮೇಲುಗೈ, ಆಮೇಲೆ ಹೆಚ್ಚುಕಡಿಮೆ ಸಮ. ವಯಸ್ಸಾದ ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದೇಶಗಳ ಲೆಕ್ಕ ಮಷೀನ್ ಕಡೆಗೆ ವಾಲುತ್ತದೆ. ಆದರೆ ಉಸಿರು ಕಟ್ಟಿ ಬಂದು ತುರ್ತಾಗಿ ಕುತ್ತಿಗೆಗೆ ಕ್ಯಾಥೆಟರ್ ಹಾಕಿಸಿಕೊಂಡವರು ಬಹುಪಾಲು ಮಷೀನ್ ಲೆಕ್ಕಕ್ಕೇ ಸೇರುತ್ತಾರೆ. ಸಿಎಪಿಡಿಯ ಆ ಆರಂಭದ ಮೇಲುಗೈಯನ್ನು ಓದುವಾಗ ಇದು ನೆನಪಿರಲಿ.

ನನ್ನ ಮಟ್ಟಿಗೆ ಹೆಸರಿಗಿಂತ ದೊಡ್ಡದು ಉಳಿದಿರುವ ಮೂತ್ರ. ಕೆನಡಾ-ಅಮೆರಿಕದ ಸಿಎಪಿಡಿ ರೋಗಿಗಳ ಕನುಸಾ ಅಧ್ಯಯನವನ್ನು 2001ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ದಿನಕ್ಕೆ 250 ಮಿಲಿ ಮೂತ್ರ ಹೆಚ್ಚಿದ್ದಷ್ಟೂ ಸಾವಿನ ಅಪಾಯ ಶೇ. 36 ಕಡಿಮೆ ಕಂಡಿತು. ಬರೀ ಒಂದು ಲೋಟ! ಸಿಎಪಿಡಿಯಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆ. ಮಷೀನ್‌ನಲ್ಲಿ ಪದೇ ಪದೇ ಬಿಪಿ ಬಿದ್ದಾಗ ಅಳಿದುಳಿದ ಕಿಡ್ನಿಯೂ ಸೊರಗುತ್ತದೆ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ನುಂಗಿದರೂ ಅದೇ ಗತಿ.

ಮೂತ್ರ ನಿಂತವರಿಗೆ ವಾರಕ್ಕೆ ಎರಡೇ ಸಲ ಮಷೀನ್ ಎಂದರೆ ಏನಾಗುತ್ತದೆ ನೋಡಿ. 60 ಕೆಜಿಯವರು 4 ಲೀಟರ್ ನೀರು ತುಂಬಿಕೊಂಡು ಬರುತ್ತಾರೆ. ಕೆಜಿಗೆ ಗಂಟೆಗೆ 13 ಮಿಲಿ ದಾಟಬಾರದು ಎಂಬ ಮಿತಿಯಲ್ಲಿ 4 ಗಂಟೆಗೆ ತೆಗೆಯಬಹುದಾದದ್ದು 3,120 ಮಿಲಿ. ನಾಲ್ಕನ್ನೂ ಎಳೆದರೆ ಅದು 16.7 ಆಗಿ ಬಿಪಿ ಕುಸಿಯುತ್ತದೆ, ಕಾಲು ಸೆಳೆಯುತ್ತದೆ, ಹೃದಯಕ್ಕೆ ಪೆಟ್ಟು. ಬಿಟ್ಟರೆ ರಾತ್ರಿ ಮಲಗಲಾಗದಷ್ಟು ಏದುಸಿರು. ಮೂರನೇ ಸರದಿಯನ್ನು ದಯವಿಟ್ಟು ಪಟ್ಟು ಹಿಡಿದು ಕೇಳಿ.

ಸಿಎಪಿಡಿ ಸುಲಭವೆಂದಲ್ಲ. ದಿನಕ್ಕೆ ಮೂರು-ನಾಲ್ಕು ಸಲ 2 ಲೀಟರ್ ಬ್ಯಾಗ್. ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ಕೈ ತೊಳೆದು ಚೆನ್ನಾಗಿ ಒಣಗಿಸಿಯೇ ಟ್ಯೂಬ್ ಮುಟ್ಟಬೇಕು. ಹೊಟ್ಟೆಯಿಂದ ಹೊರಬಂದ ನೀರಿನ ಬ್ಯಾಗನ್ನು ದಿನಪತ್ರಿಕೆಯ ಮೇಲಿಡಿ. ಅಕ್ಷರ ಮಸುಕಾದರೆ ಸೋಂಕೆಂದೇ ತಿಳಿದು, ಬ್ಯಾಗನ್ನು ಎಸೆಯದೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಊತ ಇಳಿಸಲೆಂದು ಶೇ. 4.25ರ ಸಕ್ಕರೆ ಬ್ಯಾಗನ್ನೇ ವರ್ಷಗಟ್ಟಲೆ ನೆಚ್ಚಿಕೊಂಡರೆ ಹೊಟ್ಟೆಯ ಪೊರೆ ಕೆಡುತ್ತದೆ, ನೀರು ಎಳೆಯುವುದು ಕಡಿಮೆಯಾಗುತ್ತದೆ. ಉಪ್ಪು ಬಿಗಿ ಹಿಡಿದರೆ ಆ ಬ್ಯಾಗಿನ ಅಗತ್ಯವೇ ಕಮ್ಮಿ.

ಪೊರೆ ಸೋತಾಗ ಮಷೀನ್‌ಗೆ ಬರಲೇಬೇಕು, ಅದಕ್ಕೆ ಸಾಮಾನ್ಯವಾಗಿ ಹೆಚ್ಚು ಬಳಸದ ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಪಕ್ವವಾಗಲು ಆರು ವಾರವಾದರೂ ಬೇಕು. ಆದ್ದರಿಂದ ಸಿಎಪಿಡಿ ಆರಿಸಿಕೊಂಡವರೂ ಬಲಗೈಯವರಾದರೆ ಎಡಗೈಗೆ ಡ್ರಿಪ್ ಹಾಕಲು, ರಕ್ತ ತೆಗೆಯಲು ಬಿಡಬೇಡಿ.