ಗುಡ್ಡಕ್ಕೆ ಜೆಸಿಬಿ ಹತ್ತಿಸುವ ಮೊದಲು

ಚಿತ್ರದುರ್ಗದ ಸುತ್ತ ಗುಡ್ಡ ಹತ್ತುವ ಸೈಕಲ್ಲುಗಳು ಹೆಚ್ಚಾಗಿವೆ. ದಪ್ಪ ಟಯರು, ಮುಂದೆ ಸಸ್ಪೆನ್ಷನ್, ಡಿಸ್ಕ್ ಬ್ರೇಕು. ಚಳಿಗಾಲದ ಭಾನುವಾರಗಳಲ್ಲಿ ಬೆಂಗಳೂರಿನ ಕಾರುಗಳೂ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬರುತ್ತವೆ. ಸಂತೋಷವೇ. ಅದರ ಹಿಂದೆಯೇ ಒಂದು ಬೇಡಿಕೆಯೂ ಹುಟ್ಟಿಕೊಂಡಿದೆ: ನಮ್ಮಲ್ಲೂ ಮೌಂಟನ್ ಬೈಕಿಂಗ್ ಟ್ರ್ಯಾಕ್ ಆಗಬೇಕು, ಅದೂ ಜೋಗಿಮಟ್ಟಿಯಲ್ಲೇ ಆಗಬೇಕು. ಆಗಬೇಕು ಎನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಜೋಗಿಮಟ್ಟಿ ಎನ್ನುವುದಕ್ಕೆ ಇಲ್ಲ. ಟ್ರ್ಯಾಕ್ ಎಂದ ಕೂಡಲೇ ಜೆಸಿಬಿಯವನಿಗೆ ಫೋನ್ ಮಾಡುವ ಉತ್ಸಾಹಕ್ಕಂತೂ ಇಲ್ಲವೇ ಇಲ್ಲ.

ಮೊದಲು ಜೋಗಿಮಟ್ಟಿಯ ಮಾತು ಮುಗಿಸುತ್ತೇನೆ. ಅದು ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಓಡಾಡುವಂತಿಲ್ಲ. ಕಾನೂನನ್ನು ಬದಿಗಿಟ್ಟರೂ ಕರಡಿಯನ್ನು ಬದಿಗಿಡಲು ಆಗುವುದಿಲ್ಲ. ಕರಡಿ ಮೇವಿಗೆ ಹೊರಡುವುದು ಮುಸ್ಸಂಜೆಗೆ, ಕಲ್ಲುಗವಿಗೆ ಮರಳುವುದು ಬೆಳಗಿನ ಜಾವ. ಬಿಸಿಲಿಗೆ ಹೆದರುವ ಸವಾರರು ಸೈಕಲ್ ತೆಗೆಯುವುದೂ ಅದೇ ಹೊತ್ತಿಗೆ. ನಡೆದು ಹೋಗುವವನು ಮಾತನಾಡುತ್ತಾನೆ, ಕೆಮ್ಮುತ್ತಾನೆ, ಅದನ್ನು ಕೇಳಿ ಕರಡಿ ತಾನೇ ಸರಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಬರುವ ಸೈಕಲ್ಲಿಗೆ ವೇಗವಿದೆ, ಸದ್ದಿಲ್ಲ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಗೆ ತಿರುವಿನಲ್ಲಿ ಎದುರಾದರೆ ಹೆಲ್ಮೆಟ್ ಏನು ಮಾಡೀತು? ಕೋಟೆ ಮತ್ತು ಚಂದ್ರವಳ್ಳಿಯ ಬಗ್ಗೆ ಹೇಳುವುದೇ ಬೇಡ. ಅವು ಸಂರಕ್ಷಿತ ಸ್ಮಾರಕಗಳು. ಅಲ್ಲಿ ಮೆಟ್ಟಿಲ ಮೇಲೆ ಸೈಕಲ್ ಇಳಿಸಿ ವಿಡಿಯೊ ಹಾಕುವವರನ್ನು ಹೊಗಳುವುದನ್ನು ನಿಲ್ಲಿಸಿದರೆ ಸಾಕು.

ನನ್ನ ಕಣ್ಣಿರುವುದು ಹಿರಿಯೂರಿನ ಮಾರಿಕಣಿವೆಯ ಕಡೆಗೆ. ವೇದಾವತಿ ಹರಿದುಬಂದು ಎರಡು ಗುಡ್ಡಗಳ ನಡುವೆ ನುಸುಳುವ ಜಾಗವಿದು. ಆ ಇಕ್ಕಟ್ಟಿಗೇ ಕಟ್ಟೆ ಹಾಕಿ, 1898ರಿಂದ 1907ರವರೆಗೆ ಕೆಲಸ ಮಾಡಿ, ಮೈಸೂರು ಅರಸರ ಕಾಲದಲ್ಲಿ ವಾಣಿವಿಲಾಸ ಸಾಗರ ಮಾಡಿದರು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿಯೂ ಬಿತ್ತು. ಆಗ ಹಿರಿಯೂರಿನ ಕಡೆಯ ಜನ ಬಾಗಿನ, ಬಸ್ಸು, ಬುತ್ತಿ ಎಂದು ಹಬ್ಬ ಮಾಡಿದ್ದು ನೆನಪಿರಬಹುದು. ಕೋಡಿ ನೋಡಲು ಬಂದವರೆಲ್ಲ ಕಟ್ಟೆಯ ಮೇಲೆ ಫೋಟೊ ತೆಗೆಸಿಕೊಂಡು, ಕಣಿವೆ ಮಾರಮ್ಮನಿಗೆ ಕೈ ಮುಗಿದು ವಾಪಸಾದರು. ಪಕ್ಕದ ಗುಡ್ಡಗಳತ್ತ ತಿರುಗಿ ನೋಡಿದವರು ಕಡಿಮೆ.

ಆ ಗುಡ್ಡಗಳ ಬುಡದಲ್ಲಿ ಹೊಸದಾಗಿ ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ನಾಲೆಯ ದಂಡೆಯ ಮೇಲಿನ ಮಣ್ಣುದಾರಿ, ಹೊಲಗಳ ನಡುವಿನ ಬಂಡಿಜಾಡು, ಹಟ್ಟಿಯಿಂದ ಹಟ್ಟಿಗೆ ಹೋಗುವ ಕಾಲುದಾರಿ, ಕುರಿ ಮೇಕೆ ಹತ್ತಿಳಿದು ಬಿದ್ದ ಜಾಡು, ಇವೆಲ್ಲ ಇವೆ. ಬೇಕಾದದ್ದು ಇವನ್ನು ಒಂದಕ್ಕೊಂದು ಜೋಡಿಸುವ ಬುದ್ಧಿ, ಮೀಸಲು ಅರಣ್ಯದ ಗಡಿ ಎಲ್ಲಿದೆ ಎಂದು ಅರಣ್ಯ ಇಲಾಖೆಯನ್ನು ಮೊದಲೇ ಕೇಳುವ ವ್ಯವಧಾನ, ಆಮೇಲೆ ನಾಲ್ಕು ಗುದ್ದಲಿ.

ಗುದ್ದಲಿ ಎಂದರೆ ನಗುವವರಿದ್ದಾರೆ. ಅವರಿಗೆ ಆ ಕಡೆಯ ಒಂದು ಇಳಿಜಾರನ್ನು ತೋರಿಸಬೇಕು. ಯಾರೋ ಉತ್ಸಾಹಿಗಳು ಯಂತ್ರ ತಂದು ಗುಡ್ಡದ ನೆತ್ತಿಯಿಂದ ಬುಡಕ್ಕೆ ನೇರವಾಗಿ ಒಂದು ದಾರಿ ಕೆರೆಸಿದ್ದರು. ಮುಂಗಾರಿನ ಉದ್ದಕ್ಕೂ ತುಂತುರಷ್ಟೇ ಕಂಡ ಆ ದಾರಿಗೆ ಏನೂ ಆಗಿರಲಿಲ್ಲ. ಅಕ್ಟೋಬರಿನಲ್ಲಿ ಒಂದು ರಾತ್ರಿ ಹಿಂಗಾರು ಹೊಡೆಯಿತು. ಮಾರನೆಯ ವಾರ ನೋಡಿದರೆ ನಡುವೆ ಮೊಣಕಾಲುದ್ದದ ಕೊರಕಲು, ಪಕ್ಕದ ತಂಗಡಿ ಗಿಡದ ಬೇರು ಗಾಳಿಗೆ ನೇತಾಡುತ್ತಿತ್ತು, ಕೆಳಗಿನ ಶೇಂಗಾ ಹೊಲದ ಮೂಲೆಯಲ್ಲಿ ಗರಸು ಗುಡ್ಡೆಯಾಗಿತ್ತು. ಅದೇ ಇಳಿಜಾರಿನಲ್ಲಿ, ಕೂಗಳತೆಯಲ್ಲಿ, ಮೇಕೆಗಳ ಜಾಡೊಂದಿದೆ. ಅದು ಗುಡ್ಡವನ್ನು ಓರೆಯಾಗಿ ಹಾಯುತ್ತದೆ. ಸ್ವಲ್ಪ ಏರಿ, ದೊಡ್ಡ ಬಂಡೆಯೊಂದರ ಬಳಿ ಚೂರು ತಗ್ಗಾಗಿ, ಮತ್ತೆ ಏರುತ್ತದೆ. ಮಳೆನೀರು ಆ ತಗ್ಗಿನಲ್ಲೇ ಜಾಡು ಬಿಟ್ಟು ಹೊರಗೆ ಇಳಿದಿತ್ತು. ಬೀಸಣಿಗೆಯ ಹಾಗೆ ಹರಡಿದ್ದ ಮರಳು, ಒಂದು ಅಂಗೈ ಅಗಲ, ಅಷ್ಟೇ ಹಾನಿ.

ಜಗತ್ತಿನಲ್ಲಿ ಗುಡ್ಡದ ಸೈಕಲ್ ಹಾದಿ ಕಟ್ಟುವವರು ಹೇಳುವುದೂ ಇದನ್ನೇ. ಗುಡ್ಡದ ಇಳಿಜಾರು ಶೇ. 20 ಇದ್ದರೆ ಹಾದಿಯ ಏರು ಅದರ ಅರ್ಧವನ್ನು, ಅಂದರೆ ಶೇ. 10ನ್ನು ಮೀರಬಾರದು. ಮೀರಿದರೆ ನೀರು ಹಾದಿಯನ್ನೇ ಹಳ್ಳ ಮಾಡಿಕೊಳ್ಳುತ್ತದೆ. ಹಾದಿಯ ಮೈ ಹೊರಗಡೆಗೆ ಶೇ. 3ರಿಂದ 5ರಷ್ಟು ವಾಲಿರಬೇಕು. ನಡುನಡುವೆ ಏರಿನ ದಿಕ್ಕು ತಿರುಗಿ ಒಂದೊಂದು ತಗ್ಗು ಬರಬೇಕು. ಇಷ್ಟನ್ನು ಕಲಿಸಲು ಪರದೇಶದಿಂದ ತಜ್ಞರನ್ನು ಕರೆಸುವ ಅಗತ್ಯವಿಲ್ಲ. ಜಲಾನಯನ ಕಾಮಗಾರಿಯಲ್ಲಿ ಸಮಪಾತಳಿ ಬದು ಹಾಕಿದ ಕೂಲಿಕಾರರು ನಮ್ಮ ಪ್ರತಿ ಪಂಚಾಯಿತಿಯಲ್ಲೂ ಇದ್ದಾರೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಡೆಯುತ್ತದೆ ಎಂದು ನಿಂತ ನೆಲದಿಂದಲೇ ಹೇಳಬಲ್ಲ ಹೆಂಗಸರಿದ್ದಾರೆ. ಅವರ ಕೈಗೆ ಕೂಲಿ ಹೋಗುವುದಾದರೆ ನಾನು ಈ ಯೋಜನೆಯ ಪರವಾಗಿ ಯಾವ ಕಚೇರಿಯ ಮೆಟ್ಟಿಲನ್ನಾದರೂ ಹತ್ತಲು ಸಿದ್ಧ.

ಈ ಆಟ ಹುಟ್ಟಿದ್ದೂ ದೊಡ್ಡ ದುಡ್ಡಿನಿಂದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಗುಜರಿಗೆ ಬಿದ್ದಿದ್ದ ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸಿದರು. ಇಳಿಯುವಷ್ಟರಲ್ಲಿ ಹಿಂಚಕ್ರದ ನಡುವಿನ ಹಬ್‌ನಲ್ಲೇ ಇದ್ದ ಬ್ರೇಕಿನ ಗ್ರೀಸ್ ಕಾದು ಹೊಗೆಯಾಗುತ್ತಿತ್ತು, ಪ್ರತಿ ಸಲವೂ ಬಿಚ್ಚಿ ಹೊಸದಾಗಿ ತುಂಬಬೇಕಿತ್ತು. ಅಲ್ಲಿಂದ 1996ರ ಅಟ್ಲಾಂಟಾ ಒಲಿಂಪಿಕ್ಸ್‌ವರೆಗೆ ಆಟ ಬಂದು ಮುಟ್ಟಿತು.

ನಮ್ಮವರು ಮಾದರಿ ಹುಡುಕುವುದಾದರೆ ಸ್ಕಾಟ್ಲೆಂಡಿನ ಟ್ವೀಡ್ ನದಿಯ ಕಣಿವೆಯನ್ನು ನೋಡಲಿ. ಅದು ಕುರಿಯ ನಾಡು, ಉಣ್ಣೆಯ ಗಿರಣಿಗಳಿದ್ದ ನಾಡು. ಚಳ್ಳಕೆರೆಯ ಕಂಬಳಿ ಬಲ್ಲವರಿಗೆ ಪರಿಚಯ ಹೇಳಬೇಕಿಲ್ಲ. ಅಲ್ಲಿನ ಗ್ಲೆಂಟ್ರೆಸ್ ಕಾಡಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟಕ್ಕೆ ತಕ್ಕಂತೆ ಬಣ್ಣದ ಗುರುತು ಹಾಕಿದ ಹಾದಿಗಳಿವೆ. 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಗುಡ್ಡಗಾಡು ಸ್ಪರ್ಧೆ ಅಲ್ಲೇ ನಡೆಯಿತು. ಆದರೆ ಅಲ್ಲಿಯದನ್ನು ಹಾಗೆಯೇ ಎತ್ತಿ ತಂದು ಇಲ್ಲಿಡಲು ಬರುವುದಿಲ್ಲ. ಅಲ್ಲಿ ವರ್ಷವಿಡೀ ಜಿನುಗುವ ಮಳೆ, ಒದ್ದೆ ಮಣ್ಣು. ಇಲ್ಲಿ ತಿಂಗಳುಗಟ್ಟಲೆ ಒಣಗಿ ಸಡಿಲವಾದ ಗರಸು. ತಿರುವಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ಜಾರಿ, ಮೊಣಕೈಯ ಚರ್ಮ ಗುಡ್ಡದ ಪಾಲು. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೂ ಬೇರೆಯವರ ಜಮೀನಿನ ಮೇಲೂ ಹಾದುಹೋಗುವ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಹೊಲದವನನ್ನು ಕೇಳಲೇಬೇಕು. ಕೇಳುವುದು ಒಳ್ಳೆಯದೂ ಹೌದು.

ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಒಂದು ಮಾತು. ಆ ಮೇಕೆ ಜಾಡಿನ ಬಳಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿದೆ. “ಯಜಮಾನರೇ, ಈ ದಾರಿಯಲ್ಲಿ ಸೈಕಲ್ ಬಂದರೆ ನಿಮಗೆ ತೊಂದರೆಯೇ?” ಎಂದೆ.

“ಬರಲಿ ಸ್ವಾಮಿ. ಗರ್ಭದ ಕುರಿ ಇರುವಾಗ ಬೆದರಿಸಬೇಡಿ ಅಷ್ಟೇ. ಹಿಂದಿನಿಂದ ಬಂದರೆ ಗಂಟೆ ಹೊಡೆಯಬೇಡಿ, ದೂರದಿಂದಲೇ ಕೂಗಿ.”

ದುಬಾರಿ ಸೈಕಲ್ಲಿನ ಸವಾರನೊಬ್ಬನಿಗೆ ಇದನ್ನು ಹೇಳಿದರೆ, ಹಾದಿಯಲ್ಲಿ ಕುರಿ ಬಿಡದಂತೆ ಬೇಲಿ ಹಾಕಿಸಬಹುದಲ್ಲ ಎಂದ! ಜಾಡು ಮಾಡಿದ ಪ್ರಾಣಿಯನ್ನೇ ಜಾಡಿನಿಂದ ಓಡಿಸುವ ಉಪಾಯ. ಇಂಥವರಿಗಾಗಿ ಬಳ್ಳಾರಿ ಜಾಲಿ ಇದೆ. ಅದರ ಮುಳ್ಳಿಗೆ ಸೈಕಲ್ಲಿನ ಬೆಲೆ ಗೊತ್ತಾಗುವುದಿಲ್ಲ. (ಈ ಕಡೆ ಬರುವವರು ಟ್ಯೂಬ್‌ಲೆಸ್ ಟಯರಿಗೆ ತೂತು ತಾನೇ ಮುಚ್ಚುವ ಸೀಲಂಟ್ ದ್ರವ ತುಂಬಿಸಿಕೊಂಡೇ ಬನ್ನಿ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ನಿಮ್ಮ ಅಳತೆಯ ಟ್ಯೂಬ್ ಸಿಗುವುದಿಲ್ಲ.)

ಹಾದಿ ಆದರೆ ಅದು ಐಮಂಗಲದ ಕಡೆಗೂ ಚಾಚಿಕೊಳ್ಳಲಿ ಎಂಬ ಆಸೆ ನನ್ನದು. ಅಲ್ಲಿ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂತಿರುವ ಶಿಲೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆದದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಫಲಕವಿದ್ದರೂ ಹೆದ್ದಾರಿಯಲ್ಲಿ ಹೋಗುವವರು ನಿಲ್ಲುವುದಿಲ್ಲ. ಸೈಕಲ್ಲಿನವನು ನಿಲ್ಲುತ್ತಾನೆ, ಅವನಿಗೆ ಹೇಗೂ ದಣಿವಾಗಿರುತ್ತದೆ. ಶಿಲೆಯ ಮೇಲೆ ಮಾತ್ರ ಚಕ್ರ ಹತ್ತಿಸಬಾರದು.

ಯೋಜನೆ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಸಣ್ಣದು. ಮೊದಲ ವರ್ಷ ಪ್ರವೇಶದ್ವಾರದ ಕಮಾನು, ಸೆಲ್ಫಿ ಪಾಯಿಂಟ್, ಉದ್ಘಾಟನೆಯ ಶಾಮಿಯಾನ ಬೇಡ. ಒಂದೇ ಒಂದು ಸುಲಭದ ಹಾದಿ, ಸರ್ಕಾರಿ ಶಾಲೆಯ ಹುಡುಗಿಯೂ ತನ್ನ ಗೇರಿಲ್ಲದ ಸೈಕಲ್ಲಿನಲ್ಲಿ ಹೋಗಿಬರುವಂಥದ್ದು, ಸಾಕು. ಜೋರು ಮಳೆ ಬಿದ್ದ ಮೇಲೆ ನೆಲ ಒಣಗುವವರೆಗೆ ಹಾದಿ ಮುಚ್ಚಿರಲಿ. ಮುಚ್ಚಿದೆ ಎಂದು ಹೇಳುವ ಅಧಿಕಾರ ಹತ್ತಿರದ ಹಟ್ಟಿಯವರಿಗೇ ಇರಲಿ. ಹಿಂಗಾರು ಮುಗಿದ ಮೇಲೆ ಎಲ್ಲಿ ಕೊರೆದಿದೆ ಎಂದು ನಡೆದು ನೋಡಿ, ಎರಡನೆಯ ಹಾದಿಯ ಮಾತನ್ನು ಆಮೇಲೆ ಎತ್ತೋಣ. ಆ ನಡಿಗೆಗೆ ನಾನಂತೂ ಬರುತ್ತೇನೆ. ಹಿರಿಯೂರು, ಹೊಸದುರ್ಗದ ಕಡೆಯ ಗೆಳೆಯರು ಯಾರು ಯಾರು ಬರುತ್ತೀರಿ, ಕಾಮೆಂಟಿನಲ್ಲಿ ತಿಳಿಸಿ. ಸೈಕಲ್ ಇಲ್ಲದವರೂ ಬರಬಹುದು.